ಬೀದರದ ಮಣ್ಣಿನಲ್ಲಿ ಹಿಮಾಲಯದ ಹೂವು ಅರಳೀತೆ?

ಗಿಡಮರಗಳಿಗೆ ಕಾಲಿಲ್ಲ. ಒಂದೆಡೆ ಮೇವು ನೀರು ಸಿಗದಿದ್ದರೆ ಪ್ರಾಣಿಯು ಮತ್ತೊಂದೆಡೆಗೆ ವಲಸೆ ಹೋದೀತು. ಗಿಡವಾದರೋ ಬೇರೂರಿದ ನೆಲದೊಡನೆಯೇ ಹೊಂದಿ ಬಾಳಬೇಕು, ಇಲ್ಲವೆ ಅಳಿಯಬೇಕು. ಮನುಷ್ಯನು ಮಾತ್ರ ಈ ನಿಯಮದ ನಡುವೆ ಕೈಹಾಕಿ, ಒಂದು ದೇಶದ ಗಿಡವನ್ನು ಇನ್ನೊಂದು ದೇಶದಲ್ಲಿ ನೆಟ್ಟು ನೋಡುತ್ತಾನೆ. ಅಮೆರಿಕದಿಂದ ಬಂದ ಮೆಣಸಿನಕಾಯಿಯೂ ಶೇಂಗಾವೂ ಇಂದು ನಮ್ಮವೇ ಆಗಿವೆ. ಬೀದರ ಜಿಲ್ಲೆಯ ಹೊಲಗಳಲ್ಲಿ ಹಬ್ಬಿರುವ ಸೋಯಾ ಅವರೆಯ ಮೂಲ ಪೂರ್ವ ಏಷ್ಯ. ಆದರೆ ಎಲ್ಲ ಗಿಡಗಳೂ ಹೀಗೆ ಸುಲಭವಾಗಿ ಒಗ್ಗುವುದಿಲ್ಲ. ಅವುಗಳಲ್ಲಿ ಬಹು ಸುಂದರವೂ ಬಹು ಹಟಮಾರಿಯೂ ಆದ ಒಂದು ಪೊದೆಯ ವಿಚಾರವನ್ನು ನಾವು ಇಲ್ಲಿ ನೋಡೋಣ. ಅದರ ಹೆಸರು ರೋಡೋಡೆಂಡ್ರಾನ್.

ಬೀದರ ನಗರ, ಭಾಲ್ಕಿ, ಔರಾದ — ಈ ಮೂರು ಊರುಗಳು ಒಂದಕ್ಕೊಂದು ದೂರವಿಲ್ಲ. ಮಳೆ, ಬಿಸಿಲು, ಚಳಿ ಮೂರಕ್ಕೂ ಹೆಚ್ಚು ಕಡಮೆ ಒಂದೇ. ಆದರೂ ಈ ಗಿಡವನ್ನು ಬೀದರ ನಗರದ ಕೆಂಪು ನೆಲದಲ್ಲಿ ನೆಡುವುದಕ್ಕೂ ಭಾಲ್ಕಿ ಔರಾದಗಳ ಎರೆಭೂಮಿಯಲ್ಲಿ ನೆಡುವುದಕ್ಕೂ ಬಹಳ ಅಂತರವುಂಟು. ಆ ಅಂತರವೇನೆಂದು ತಿಳಿದರೆ ತೋಟಗಾರಿಕೆಯ ಒಂದು ಪಾಠ ಮಾತ್ರವಲ್ಲ, ನಮ್ಮ ಕಾಲ ಕೆಳಗಿನ ನೆಲದ ಚರಿತ್ರೆಯೂ ತಿಳಿದಂತಾಗುತ್ತದೆ.

ಗುಲಾಬಿಯ ಮರ

ರೋಡೋಡೆಂಡ್ರಾನ್ ಎಂದರೆ ಗ್ರೀಕ್ ಭಾಷೆಯಲ್ಲಿ ಗುಲಾಬಿಯ ಮರ. ಈ ಕುಲದಲ್ಲಿ ಸಾವಿರಕ್ಕೂ ಮಿಕ್ಕಿದ ಜಾತಿಗಳಿವೆ. ಗೇಣುದ್ದದ ಕುರುಚಲು ಗಿಡಗಳಿಂದ ಹಿಡಿದು ದೊಡ್ಡ ಮರಗಳವರೆಗೆ ಎಲ್ಲ ಗಾತ್ರದವೂ ಇವೆ. ಹೂದೋಟಗಳಲ್ಲಿ ಅಜೇಲಿಯಾ ಎಂದು ಕರೆಯುವ ಗಿಡಗಳೂ ಇದೇ ಕುಲಕ್ಕೆ ಸೇರಿದವು. ಈ ಕುಲದ ದೊಡ್ಡ ತವರು ಹಿಮಾಲಯ ಮತ್ತು ಅದಕ್ಕೆ ಹೊಂದಿದ ನೈಋತ್ಯ ಚೀನದ ಪರ್ವತಗಳು. 1848ರಿಂದ 1850ರವರೆಗೆ ಸಿಕ್ಕಿಂ ಪ್ರಾಂತದಲ್ಲಿ ಸಂಚರಿಸಿದ ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರನು ಅಲ್ಲಿನ ಅನೇಕ ಹೊಸ ಜಾತಿಗಳನ್ನು ವರ್ಣಿಸಿ ಚಿತ್ರಗಳೊಡನೆ ಪ್ರಕಟಿಸಿದನು. ಅಂದಿನಿಂದ ಐರೋಪ್ಯ ತೋಟಗಳಲ್ಲಿ ಈ ಗಿಡದ ಹುಚ್ಚೇ ಹಬ್ಬಿತು. ನೇಪಾಳದ ರಾಷ್ಟ್ರಪುಷ್ಪವಾದ ಲಾಲಿಗುರಾಸ್, ಉತ್ತರಾಖಂಡದವರು ಪಾನಕ ಮಾಡಿ ಕುಡಿಯುವ ಬುರಾಂಶ್ ಹೂವು, ಇವೆರಡೂ ಒಂದೇ ಜಾತಿಯ ಕೆಂಪು ರೋಡೋಡೆಂಡ್ರಾನ್.

ಈ ಕೆಂಪು ಜಾತಿಯ ಒಂದು ಪ್ರಭೇದವು ನಮ್ಮ ದಕ್ಷಿಣದ ನೀಲಗಿರಿ, ಆನೆಮಲೆ, ಪಳನಿ ಬೆಟ್ಟಗಳ ನೆತ್ತಿಯಲ್ಲಿಯೂ ಇದೆ. ಹಿಮಾಲಯಕ್ಕೂ ನೀಲಗಿರಿಗೂ ನಡುವೆ ಸುಮಾರು ಎರಡು ಸಾವಿರ ಕಿಲೋಮೀಟರುಗಳ ಬಿಸಿ ಬಯಲು. ಆ ಬಯಲಿನಲ್ಲಿ ಈ ಗಿಡವು ತಾನಾಗಿ ಎಲ್ಲಿಯೂ ಬೆಳೆಯದು. ಇಂತಹ ಬಯಲಿನ ನಡುವಿನಲ್ಲೇ ಬೀದರವಿದೆ. ನಿಸರ್ಗವು ಬಿಟ್ಟುಹೋದ ಈ ಖಾಲಿ ಜಾಗವನ್ನು ತುಂಬಲು ಹೊರಡುವವನು ಮೊದಲು, ಅದು ಏಕೆ ಖಾಲಿಯಾಗಿದೆ ಎಂದು ಕೇಳಿಕೊಳ್ಳಬೇಕು.

ಬೇರಿನ ಗುಟ್ಟು

ಎಲ್ಲದಕ್ಕೂ ಮೊದಲು ಈ ಗಿಡದ ಬೇರನ್ನು ನೋಡಬೇಕು. ತೊಗರಿಯ ತಾಯಿಬೇರು ನೆಲದಾಳಕ್ಕೆ ಇಳಿಯುತ್ತದೆ. ರೋಡೋಡೆಂಡ್ರಾನಿನ ಬೇರು ಹಾಗಲ್ಲ. ಅದು ನೆಲದ ಮೇಲ್ಪದರದಲ್ಲಿ, ಹೆಚ್ಚೆಂದರೆ ಒಂದು ಅಡಿಯೊಳಗೆ, ಚಾಪೆಯಂತೆ ಹರಡಿಕೊಳ್ಳುತ್ತದೆ. ಅದರ ತುದಿಬೇರುಗಳು ತಲೆಗೂದಲಿನಷ್ಟು ತೆಳುವು. ಇತರ ಗಿಡಗಳ ಬೇರಿನ ಮೇಲೆ ನೀರು ಹೀರುವ ಸೂಕ್ಷ್ಮ ರೋಮಗಳಿರುತ್ತವೆ; ಇದರ ತುದಿಬೇರಿಗೆ ಅವೂ ಇಲ್ಲ.

ಹಾಗಾದರೆ ಗಿಡವು ಆಹಾರವನ್ನು ಹೇಗೆ ಸಂಪಾದಿಸುತ್ತದೆ? ಅದಕ್ಕೆ ಒಬ್ಬ ಪಾಲುದಾರನಿದ್ದಾನೆ. ಬೇರಿನ ಹೊರಕೋಶಗಳೊಳಗೆ ಒಂದು ಬಗೆಯ ಶಿಲೀಂಧ್ರವು ಮನೆಮಾಡಿಕೊಂಡು, ತನ್ನ ಎಳೆಗಳನ್ನು ಸುತ್ತಲಿನ ಮಣ್ಣಿಗೆ ಚಾಚುತ್ತದೆ. ಕೊಳೆತ ಎಲೆಯೊಳಗೆ ಅಡಗಿದ ಸಾರಜನಕವನ್ನೂ ರಂಜಕವನ್ನೂ ಬಿಡಿಸಿ ಗಿಡಕ್ಕೆ ಕೊಡುತ್ತದೆ. ಗಿಡವು ಅದಕ್ಕೆ ಪ್ರತಿಯಾಗಿ ಸಕ್ಕರೆ ಕೊಡುತ್ತದೆ. ಬೇರು ಮತ್ತು ಶಿಲೀಂಧ್ರಗಳ ಇಂತಹ ಕೂಡುಬಾಳಿಗೆ 1885ರಲ್ಲಿ ಜರ್ಮನಿಯ ಫ್ರಾಂಕ್ ಎಂಬ ವಿಜ್ಞಾನಿಯು ‘ಮೈಕೊರೈಜ’ ಎಂದು ಹೆಸರಿಟ್ಟನು. ರೋಡೋಡೆಂಡ್ರಾನಿನಲ್ಲಿ ಕಾಣುವ ಬಗೆಯು ತಂಪಾದ, ಹುಳಿಯಾದ, ಎಲೆಗೊಬ್ಬರ ತುಂಬಿದ ಮಣ್ಣಿಗೆ ಹೇಳಿ ಮಾಡಿಸಿದಂತಹುದು.

ಮಣ್ಣೂ ಹುಳಿಯಿರುತ್ತದೆಯೆ ಎಂದು ವಾಚಕರು ಕೇಳಬಹುದು. ಹೌದು, ಇರುತ್ತದೆ. ನಿಂಬೆಯ ರಸದಂತೆ ಕೆಲವು ಮಣ್ಣು ಆಮ್ಲಗುಣದ್ದು. ಸುಣ್ಣದ ತಿಳಿಯಂತೆ ಕೆಲವು ಕ್ಷಾರಗುಣದ್ದು. ಇದನ್ನು ಅಳೆಯುವ ಮಾನಕ್ಕೆ ಪಿಎಚ್ ಎಂದು ಹೆಸರು. 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಎಂಬುವನು ಇದನ್ನು ಬಳಕೆಗೆ ತಂದನು. ಶುದ್ಧ ನೀರಿನ ಪಿಎಚ್ 7. ಅದಕ್ಕಿಂತ ಕಡಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಇಲ್ಲಿ ಒಂದು ಮಾತನ್ನು ಮರೆಯಬಾರದು: ಈ ಮಾನದಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟಿನದು. ಪಿಎಚ್ 5ರ ಮಣ್ಣು 6ರದ್ದಕ್ಕಿಂತ ಹತ್ತು ಪಟ್ಟು, 8ರದ್ದಕ್ಕಿಂತ ಸಾವಿರ ಪಟ್ಟು ಹೆಚ್ಚು ಆಮ್ಲ. ರೋಡೋಡೆಂಡ್ರಾನ್ ಬಯಸುವುದು ಸುಮಾರು 4.5ರಿಂದ 6ರವರೆಗಿನ ಮಣ್ಣನ್ನು.

ಒಂದೇ ಶಿಲೆಯ ಎರಡು ಮಕ್ಕಳು

ಈಗ ನಮ್ಮ ನೆಲಕ್ಕೆ ಬರೋಣ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖ್ಖನಿನ ನೆಲ ಬಿರಿದು ಲಾವಾರಸವು ಪದರ ಪದರವಾಗಿ ಹರಿದು ಹೆಪ್ಪುಗಟ್ಟಿತು. ಅದೇ ಕರಿಯ ಬಸಾಲ್ಟ್ ಶಿಲೆ. ಬೀದರ, ಭಾಲ್ಕಿ, ಔರಾದ ಮೂರರ ತಳದಲ್ಲಿಯೂ ಇರುವುದು ಇದೇ ಶಿಲೆ. ಆದರೆ ಇದರಿಂದ ಹುಟ್ಟಿದ ಮಣ್ಣು ಮಾತ್ರ ಒಂದೇ ಬಗೆಯದಲ್ಲ.

ಬೀದರ ನಗರವು ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದ ಚಪ್ಪಟೆ ದಿನ್ನೆಯ ಮೇಲಿದೆ. ಬಹು ಹಿಂದಿನ ಯುಗಗಳಲ್ಲಿ, ಬಿಸಿಯೂ ತೇವವೂ ಕೂಡಿದ ಹವೆಯಲ್ಲಿ, ಈ ದಿನ್ನೆಯ ಮೇಲೆ ಬಿದ್ದ ಮಳೆನೀರು ಬಸಾಲ್ಟಿನೊಳಗಿನ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಸಿಯಂ ಮತ್ತು ಸಿಲಿಕಗಳನ್ನು ನಿಧಾನವಾಗಿ ಕರಗಿಸಿ ತೊಳೆದೊಯ್ದಿತು. ಕರಗದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು. ಈ ಶೇಷವೇ ಜಂಬಿಟ್ಟಿಗೆ. ನೆಲದೊಳಗೆ ಮೆದುವಾಗಿದ್ದು ಗಾಳಿಗೆ ತೆರೆದಾಗ ಗಟ್ಟಿಯಾಗುವ ಈ ಕಲ್ಲನ್ನು ಮಲಬಾರಿನಲ್ಲಿ ಕಂಡ ಫ್ರಾನ್ಸಿಸ್ ಬುಕಾನನ್ನನು, ಲ್ಯಾಟಿನಿನಲ್ಲಿ ಇಟ್ಟಿಗೆ ಎಂಬ ಅರ್ಥ ಕೊಡುವ ಮಾತಿನಿಂದ ಲ್ಯಾಟರೈಟ್ ಎಂದು ಹೆಸರಿಸಿದನು. ಅವನ ಪ್ರವಾಸಗ್ರಂಥವು ಪ್ರಕಟವಾದುದು 1807ರಲ್ಲಿ. ಬಹಮನಿಯರು 15ನೆಯ ಶತಮಾನದಲ್ಲಿ ಕಲಬುರಗಿಯಿಂದ ತಮ್ಮ ರಾಜಧಾನಿಯನ್ನು ಬೀದರಕ್ಕೆ ತಂದಾಗ ಕೋಟೆಯ ಕಂದಕಗಳನ್ನು ಕಡಿದದ್ದು ಇದೇ ಕೆಂಪು ಕಲ್ಲಿನಲ್ಲಿ. ನೌಬಾದಿನ ಬಳಿ ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೆ ಅವರ ಕಾಲದಲ್ಲಿ ಕೊರೆದ ಕರೇಜ್ ಎಂಬ ಸುರಂಗ ಕಾಲುವೆಯ ಯುಕ್ತಿಯೂ ಇದೇ: ರಂಧ್ರಮಯವಾದ ಜಂಬಿಟ್ಟಿಗೆಯ ಮೂಲಕ ಇಳಿದ ಮಳೆನೀರು ಕೆಳಗಿನ ಬಿಗಿಯಾದ ಪದರದ ಮೇಲೆ ನಿಲ್ಲುತ್ತದೆ, ಆ ನೀರನ್ನು ಸುರಂಗವು ಹಿಡಿದು ಹರಿಸುತ್ತದೆ.

ನೀರು ನಿಲ್ಲದೆ ಇಳಿದುಹೋಗುವ, ಸುಣ್ಣವೆಲ್ಲ ತೊಳೆದುಹೋದ ಈ ಕೆಮ್ಮಣ್ಣು ಸಾಮಾನ್ಯವಾಗಿ ಸ್ವಲ್ಪ ಆಮ್ಲಗುಣದ್ದು. ಆದರೆ ಸುಣ್ಣದೊಡನೆ ಗಿಡದ ಇತರ ಆಹಾರವೂ ತೊಳೆದುಹೋಗಿರುವುದರಿಂದ ಇದು ಬಡ ಮಣ್ಣು. ಹಾಕಿದ ರಂಜಕದ ಗೊಬ್ಬರವನ್ನೂ ಕಬ್ಬಿಣದ ಆಕ್ಸೈಡುಗಳು ಹಿಡಿದಿಟ್ಟುಕೊಂಡುಬಿಡುತ್ತವೆ.

ದಿನ್ನೆಯಿಂದ ಇಳಿದು ಭಾಲ್ಕಿಯ ಕಡೆಗೆ, ಇಲ್ಲವೆ ಮಾಂಜ್ರಾ ನದಿಯನ್ನು ದಾಟಿ ಔರಾದದ ಕಡೆಗೆ ಹೋದರೆ ನೋಟವೇ ಬದಲಾಗುತ್ತದೆ. ಅಲ್ಲಿನ ಬಹುಭಾಗ ಎರೆಭೂಮಿ. ಇಲ್ಲಿ ಬಸಾಲ್ಟಿನ ಸುಣ್ಣವೂ ಮೆಗ್ನೀಸಿಯಮ್ಮೂ ಪೂರ್ತಿ ತೊಳೆದುಹೋಗಲಿಲ್ಲ. ತಗ್ಗಿನಲ್ಲಿ ನಿಂತು, ಮಣ್ಣಿನಲ್ಲಿಯೇ ಸುಣ್ಣದ ಹರಳುಗಳಾಗಿ ಗಂಟುಕಟ್ಟಿದುವು. ಮಣ್ಣಿನ ಜೇಡಿಯು ಒದ್ದೆಯಾದಾಗ ಉಬ್ಬುವ, ಒಣಗಿದಾಗ ಕುಗ್ಗುವ ಜಾತಿಯದು. ಆದುದರಿಂದಲೇ ಬೇಸಗೆಯಲ್ಲಿ ಎರೆಹೊಲವು ಕೈ ತೂರುವಷ್ಟು ಬಿರಿಯುತ್ತದೆ. ಇದರ ಪಿಎಚ್ ಸಾಮಾನ್ಯವಾಗಿ 7.5ರಿಂದ 8.5. ಕಡಲೆಗೂ ಜೋಳಕ್ಕೂ ಇದು ತಾಯಿಯಂತಹ ನೆಲ. ರೋಡೋಡೆಂಡ್ರಾನಿಗೆ ಮಾತ್ರ ಇದು ಮಲತಾಯಿ.

ಉಗ್ರಾಣ ತುಂಬಿದ್ದರೂ ಉಪವಾಸ

ಎರೆಮಣ್ಣಿನಲ್ಲಿ ನೆಟ್ಟ ರೋಡೋಡೆಂಡ್ರಾನಿಗೆ ಏನಾಗುತ್ತದೆ? ಮೊದಲು ತುದಿಯ ಎಳೆಯ ಎಲೆಗಳು ಹಳದಿಯಾಗುತ್ತವೆ. ನರಗಳು ಮಾತ್ರ ಹಸಿರಾಗಿ, ಹಳದಿಯ ಮೇಲೆ ಹಸಿರು ಬಲೆ ಹಾಸಿದಂತೆ ಕಾಣುತ್ತದೆ. ಅನಂತರ ಎಲೆಯ ಅಂಚು ಸುಡುತ್ತದೆ, ಚಿಗುರು ಕುಗ್ಗುತ್ತದೆ. ಇದು ಕಬ್ಬಿಣದ ಕೊರತೆಯ ಲಕ್ಷಣ. ಎಲೆಯ ಪತ್ರಹರಿತ್ತಿನಲ್ಲಿ ಕಬ್ಬಿಣವಿಲ್ಲ. ಆದರೆ ಪತ್ರಹರಿತ್ತನ್ನು ತಯಾರಿಸುವ ಕೆಲಸ ಕಬ್ಬಿಣವಿಲ್ಲದೆ ನಡೆಯದು.

ಆಶ್ಚರ್ಯವೆಂದರೆ ಎರೆಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಅದರ ತಾಯಿಶಿಲೆಯಾದ ಬಸಾಲ್ಟಿನಲ್ಲಿ ಕಬ್ಬಿಣದ ಆಕ್ಸೈಡುಗಳು ನೂರಕ್ಕೆ ಹತ್ತು ಭಾಗಕ್ಕೂ ಮಿಕ್ಕಿವೆ. ಆದರೆ ಬೇರು ಕುಡಿಯುವುದು ನೀರಿನಲ್ಲಿ ಕರಗಿದ ಕಬ್ಬಿಣವನ್ನು ಮಾತ್ರ. ಪಿಎಚ್ ಒಂದು ಮೆಟ್ಟಿಲು ಏರಿದರೆ ಕರಗಿರುವ ಫೆರಿಕ್ ಕಬ್ಬಿಣದ ಅಯಾನುಗಳು ಸುಮಾರು ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತವೆ. ಉಗ್ರಾಣದ ತುಂಬ ಧಾನ್ಯವಿದ್ದೂ ಬಾಗಿಲಿಗೆ ಬೀಗ ಬಿದ್ದಂತೆ ಇದು. ಸುಣ್ಣವೇ ಆ ಬೀಗ. ಜೋಳ, ಗೋದಿಗಳಂತಹ ಹುಲ್ಲಿನ ಜಾತಿಯ ಗಿಡಗಳು ಕಬ್ಬಿಣವನ್ನು ಸೆಳೆದು ಹಿಡಿಯುವ ವಿಶೇಷ ರಸವನ್ನು ಬೇರಿನಿಂದ ಸುರಿಸುತ್ತವೆ. ಬೇರೆ ಅನೇಕ ಗಿಡಗಳು ಬೇರಿನ ಸುತ್ತ ಆಮ್ಲವನ್ನು ಬಿಟ್ಟು ಬೀಗ ತೆರೆಯಲು ಹೆಣಗುತ್ತವೆ. ಯಾವಾಗಲೂ ಹುಳಿಮಣ್ಣಿನಲ್ಲಿಯೇ ಬಾಳಿದ ರೋಡೋಡೆಂಡ್ರಾನಿಗೆ ಸುಣ್ಣದ ನೆಲದಲ್ಲಿ ಅಷ್ಟು ಸಾಮರ್ಥ್ಯವಿಲ್ಲ.

ಹಾಗಿದ್ದರೆ ಮಣ್ಣಿಗೆ ಗಂಧಕ ಹಾಕಿ ಸುಣ್ಣವನ್ನೇ ಕಳೆಯಬಾರದೇಕೆ? ಮಣ್ಣಿನ ಕೆಲವು ಬ್ಯಾಕ್ಟೀರಿಯಗಳು ಗಂಧಕವನ್ನು ಗಂಧಕಾಮ್ಲವಾಗಿ ಮಾರ್ಪಡಿಸುತ್ತವೆ, ಆ ಆಮ್ಲವು ಸುಣ್ಣವನ್ನು ಕರಗಿಸುತ್ತದೆ ಎಂಬುದು ನಿಜ. ಆದರೆ ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರ್ ನೆಲದ 15 ಸೆಂಟಿಮೀಟರ್ ಆಳದ ಮಣ್ಣು ಸುಮಾರು 200 ಕಿಲೋಗ್ರಾಂ ತೂಗುತ್ತದೆ. ಅದರಲ್ಲಿ ನೂರಕ್ಕೆ 5 ಭಾಗ ಸುಣ್ಣಕಲ್ಲು ಇದೆ ಎಂದುಕೊಂಡರೆ ಅದು 10 ಕಿಲೋಗ್ರಾಂ ಆಯಿತು. ರಸಾಯನಶಾಸ್ತ್ರದ ಪ್ರಕಾರ 100 ಗ್ರಾಂ ಸುಣ್ಣಕಲ್ಲನ್ನು ಕಳೆಯಲು 32 ಗ್ರಾಂ ಗಂಧಕ ಬೇಕು. ಎಂದರೆ ಒಂದೊಂದು ಚದರ ಮೀಟರಿಗೂ 3.2 ಕಿಲೋಗ್ರಾಂ! ಅಷ್ಟು ಹಾಕಿದರೂ ಕೆಳಗಿನ ಪದರದ ಸುಣ್ಣ ಹಾಗೆಯೇ ಇರುತ್ತದೆ. ಬಾವಿಯ ನೀರು ಮತ್ತಷ್ಟನ್ನು ತಂದು ಸುರಿಯುತ್ತದೆ. ಎರೆಹೊಲದೊಡನೆ ಹೀಗೆ ಹೋರಾಡಿ ಗೆಲ್ಲುವುದು ಆಗದ ಮಾತು.

ಕಾಣದ ಶತ್ರು: ಬಾವಿಯ ನೀರು

ನೆಲದ ಗೊಡವೆಯೇ ಬೇಡವೆಂದು ಕುಂಡದಲ್ಲಿ ಬೆಳೆಸಿದರೆ? ಇದು ಜಾಣತನದ ದಾರಿ. ಆದರೆ ಇಲ್ಲಿಯೂ ಒಂದು ಅಪಾಯ ಹೊಂಚುಹಾಕುತ್ತಿದೆ. ಬಸಾಲ್ಟಿನ ಬಿರುಕುಗಳಲ್ಲಿ ನಿಂತ ನೀರಿನಲ್ಲಿ ಸುಣ್ಣ ಮತ್ತು ಮೆಗ್ನೀಸಿಯಂಗಳ ಬೈಕಾರ್ಬನೇಟುಗಳು ಕರಗಿರುತ್ತವೆ. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಕಿಟ್ಟ ಕಟ್ಟುವುದೂ, ಸಾಬೂನು ನೊರೆ ಬಾರದಿರುವುದೂ ಇವುಗಳಿಂದಲೇ. ಒಂದು ಲೀಟರ್ ನೀರಿನಲ್ಲಿ 300 ಮಿಲಿಗ್ರಾಂ ಸುಣ್ಣಕಲ್ಲಿಗೆ ಸಮವಾದ ಕ್ಷಾರವಿದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 2 ಲೀಟರಿನಂತೆ 300 ದಿನ ಎರೆದರೆ 600 ಲೀಟರ್; ಅದರೊಡನೆ ಕುಂಡ ಸೇರಿದ ಸುಣ್ಣ 180 ಗ್ರಾಂ. ಹತ್ತು ಕಿಲೋಗ್ರಾಂ ಮಣ್ಣಿನ ಕುಂಡವು ಒಂದು ವರ್ಷದಲ್ಲಿಯೇ ಸಣ್ಣ ಎರೆಹೊಲವಾದಂತೆ! ತಂದ ಹೊಸದರಲ್ಲಿ ನಳನಳಿಸಿದ ಅಜೇಲಿಯಾ ಎರಡನೆಯ ವರ್ಷ ಹಳದಿಯಾಗಿ ಸೊರಗುವುದಕ್ಕೆ ಇದೇ ಒಂದು ಮುಖ್ಯ ಕಾರಣ.

ಇದಕ್ಕೆ ಮದ್ದು ಆಕಾಶದಿಂದಲೇ ಬೀಳುತ್ತದೆ. ಮಳೆನೀರಿನಲ್ಲಿ ಸುಣ್ಣವಿಲ್ಲ. ಬೀದರ ಪ್ರಾಂತದ ವಾರ್ಷಿಕ ಮಳೆ ಸುಮಾರು 850 ಮಿಲಿಮೀಟರ್ ಎಂದು ಹಿಡಿದರೆ, ಮಾಳಿಗೆಯ ಒಂದು ಚದರ ಮೀಟರಿನ ಮೇಲೆ ವರ್ಷಕ್ಕೆ 850 ಲೀಟರ್ ನೀರು ಬೀಳುತ್ತದೆ. ಸ್ವಲ್ಪ ಪೋಲಾದರೂ ಒಂದು ಕುಂಡದ ವರ್ಷದ ಬಾಯಾರಿಕೆಗೆ ಅದು ಸಾಕು. ಆದರೆ ಸುಣ್ಣ ಗಾರೆಯ ಮಾಳಿಗೆಯ ನೀರನ್ನಲ್ಲ, ತಗಡಿನ ಅಥವಾ ಹೆಂಚಿನ ಮಾಡಿನ ನೀರನ್ನು ಹಿಡಿಯುವುದು ಮೇಲು.

ಬಿಸಿಲು ಮತ್ತು ಚಳಿ

ಮಣ್ಣು ನೀರುಗಳನ್ನು ಸರಿಪಡಿಸಿದರೂ ಹವೆಯ ಪ್ರಶ್ನೆ ಉಳಿಯುತ್ತದೆ. ಉದಕಮಂಡಲವು ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಬೀದರಕ್ಕಿಂತ ಸುಮಾರು 1,580 ಮೀಟರ್ ಮೇಲೆ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಉಷ್ಣ ಇಳಿಯುವುದರಿಂದ ಎತ್ತರವೊಂದರಿಂದಲೇ ಅಲ್ಲಿ ಹತ್ತು ಡಿಗ್ರಿ ತಂಪು. ಬೀದರದಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣತೆಯು 40 ಡಿಗ್ರಿ ಮುಟ್ಟುತ್ತದೆ, ಒಣಗಾಳಿ ಬೀಸುತ್ತದೆ. ಎಲೆಯು ಕಳೆದುಕೊಳ್ಳುವ ನೀರನ್ನು ಮೇಲ್ಪದರದ ತೆಳು ಬೇರು ಒದಗಿಸಲಾರದು. ಬಿಸಿಲಿಗೆ ಕಾದ ಕುಂಡದ ಗೋಡೆಗೆ ತಾಗಿದ ಬೇರಂತೂ ಬೆಂದೇ ಹೋಗುತ್ತದೆ.

ಚಳಿಗಾಲದಲ್ಲಿ ಇನ್ನೊಂದು ತೊಡಕು. ಅಜೇಲಿಯಾ ಬೆಚ್ಚನೆಯ ದಿನಗಳಲ್ಲಿ ಮೊಗ್ಗನ್ನು ಕಟ್ಟಿಟ್ಟುಕೊಳ್ಳುತ್ತದೆ. ಆ ಮೊಗ್ಗಿನ ನಿದ್ದೆ ತಿಳಿಯಬೇಕಾದರೆ ಕೆಲವು ವಾರಗಳ ಕಾಲ 10 ಡಿಗ್ರಿಯ ಆಸುಪಾಸಿನ ತಂಪು ಬೇಕು. ಉತ್ತರ ಕರ್ನಾಟಕದ ತಂಪು ಊರುಗಳಲ್ಲಿ ಬೀದರವೂ ಒಂದು. ಕೆಲವು ರಾತ್ರಿಗಳಲ್ಲಿ ಅಷ್ಟು ಚಳಿ ಬೀಳುವುದುಂಟು. ಆದರೆ ವಾರಗಟ್ಟಲೆ ಎಡೆಬಿಡದೆ ಅದು ನಿಲ್ಲದು. ಆದಕಾರಣ ಮರಜಾತಿಯ ಕೆಂಪು ರೋಡೋಡೆಂಡ್ರಾನನ್ನು ಈ ಪ್ರಾಂತದಲ್ಲಿ ಬೆಳೆಸುವ ಆಸೆಯನ್ನು ನಾವು ಬಿಡಬೇಕು. ಕುಂಡದ ಅಜೇಲಿಯಾ ಬದುಕೀತು, ಅಷ್ಟಿಷ್ಟು ಹೂ ಕೊಟ್ಟೀತು. ಬೆಟ್ಟದ ಸೀಮೆಯ ಸೊಬಗನ್ನು ಅದರಿಂದ ನಿರೀಕ್ಷಿಸಬಾರದು.

ಪ್ರಯತ್ನಿಸುವವರಿಗೆ

ಆದರೂ ಪ್ರಯೋಗ ಮಾಡಿ ನೋಡುವ ಉತ್ಸಾಹವಿರುವವರು ಹೀಗೆ ಮಾಡಬಹುದು. ಆಳಕ್ಕಿಂತ ಅಗಲ ಹೆಚ್ಚಾದ ಮಣ್ಣಿನ ಕುಂಡವನ್ನು ಆರಿಸಿ, ತಳದ ತೂತುಗಳ ಮೇಲೆ ಜಂಬಿಟ್ಟಿಗೆಯ ಚೂರುಗಳನ್ನು ಹಾಸಬೇಕು. ಸುಣ್ಣದ ಹರಳುಗಳನ್ನಾಗಲಿ ಗಾರೆಯ ಚೂರುಗಳನ್ನಾಗಲಿ ಹಾಕಬಾರದು. ಎರಡು ಪಾಲು ಚೆನ್ನಾಗಿ ಕೊಳೆತ ಎಲೆಗೊಬ್ಬರ, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ, ಒಂದು ಪಾಲು ಬೀದರದ ದಿನ್ನೆಯ ಕೆಮ್ಮಣ್ಣು ಕೂಡಿಸಿ ಸಡಿಲವಾದ ಮಿಶ್ರಣ ಮಾಡಬೇಕು. ಗಿಡವನ್ನು ನರ್ಸರಿಯ ಕುಂಡದಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಬೇಕು. ಬುಡವನ್ನು ಹೂತರೆ ಬೇರಿಗೆ ಉಸಿರು ಕಟ್ಟುತ್ತದೆ. ಮೇಲೆ ಒಣ ಎಲೆಗಳನ್ನು ಎರಡು ಬೆರಳು ದಪ್ಪಕ್ಕೆ ಹೊದಿಸಬೇಕು. ಬುಡದಲ್ಲಿ ಅಗೆತ ಬೇಡ, ಬೇರುಗಳು ಮೇಲೆಯೇ ಇರುತ್ತವೆ.

ಕುಂಡವನ್ನು ಮುಂಜಾನೆಯ ಬಿಸಿಲು ತಾಗುವ, ಮಧ್ಯಾಹ್ನದ ನೆರಳಿರುವ ಪೂರ್ವದ ಪಡಸಾಲೆಯಲ್ಲಿಡುವುದು ಒಳ್ಳೆಯದು. ಬೇಸಗೆಯಲ್ಲಿ ಅದನ್ನು ಇನ್ನೊಂದು ದೊಡ್ಡ ಕುಂಡದೊಳಗಿಟ್ಟು, ನಡುವೆ ಒದ್ದೆ ಮರಳು ತುಂಬಿದರೆ ಬೇರು ತಂಪಾಗಿರುತ್ತದೆ. ಹೂಜಿಯ ನೀರು ತಣ್ಣಗಾಗುವ ತತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಮಣ್ಣು ಯಾವಾಗಲೂ ತೇವವಾಗಿರಬೇಕು, ಆದರೆ ನೀರು ನಿಲ್ಲಬಾರದು. ಗೊಬ್ಬರವಾಗಿ ಅಮೋನಿಯಂ ಸಲ್ಫೇಟನ್ನು ಚಿಟಿಕೆಯಷ್ಟು ನೀರಿನಲ್ಲಿ ಕರಗಿಸಿ ಅಪರೂಪಕ್ಕೆ ಕೊಟ್ಟರೆ ಸಾಕು. ಈ ಗಿಡವು ಸಾರಜನಕವನ್ನು ಅಮೋನಿಯಂ ರೂಪದಲ್ಲಿ ಮೆಚ್ಚುತ್ತದೆ, ಮಣ್ಣಿನ ಹುಳಿಯೂ ಉಳಿಯುತ್ತದೆ. ಬೂದಿ, ಸುಣ್ಣ, ಎಲುಬಿನ ಪುಡಿ ಇದಕ್ಕೆ ವರ್ಜ್ಯ. ಹೂ ಬಾಡಿದ ಕೂಡಲೆ ಅದನ್ನು ಚಿವುಟಿ ತೆಗೆದರೆ ಬೀಜ ಕಟ್ಟುವ ಶ್ರಮ ಉಳಿದು ಮುಂದಿನ ಚಿಗುರಿಗೆ ಬಲ ಬರುತ್ತದೆ. ಸವರುವುದಾದರೆ ಹೂ ಮುಗಿದೊಡನೆಯೇ ಸವರಬೇಕು. ತಡಮಾಡಿದರೆ ಮುಂದಿನ ವರ್ಷದ ಮೊಗ್ಗನ್ನೇ ಕತ್ತರಿಸಿದಂತಾಗುತ್ತದೆ.

ಇನ್ನೊಂದು ಎಚ್ಚರಿಕೆ. ಇದರ ಎಲೆ ವಿಷವುಳ್ಳದ್ದು. ಆಡು ಕುರಿಗಳಿಗೆ ನಿಲುಕಬಾರದು. ಕೆಲವು ಜಾತಿಗಳ ಜೇನು ಸಹ ಅಮಲೇರಿಸುತ್ತದೆ. ಕ್ರಿಸ್ತಪೂರ್ವ 401ರ ಸುಮಾರಿಗೆ ಕಪ್ಪು ಸಮುದ್ರದ ದಂಡೆಯಲ್ಲಿ ಜೇನು ತಿಂದ ಗ್ರೀಕ್ ಸೈನಿಕರು ನಿಲ್ಲಲಾರದೆ ಉರುಳಿಬಿದ್ದುದನ್ನು ಝೆನೊಫನನು ಬರೆದಿಟ್ಟಿದ್ದಾನೆ. ಅದು ಅಲ್ಲಿನ ರೋಡೋಡೆಂಡ್ರಾನ್ ಹೂವಿನ ಜೇನೆಂಬುದು ಇಂದಿನ ವಿವರಣೆ.

ನಮ್ಮ ನೆಲದ ಗುಲಾಬಿಮರ

ಇಲ್ಲಿ ಒಂದು ಸ್ವಾರಸ್ಯವಿದೆ. ಪ್ರಾಚೀನರು ರೋಡೋಡೆಂಡ್ರಾನ್ ಎಂದು ಕರೆಯುತ್ತಿದ್ದುದು ಈ ಬೆಟ್ಟದ ಗಿಡವನ್ನಲ್ಲ. ಕ್ರಿಸ್ತಶಕದ ಮೊದಲ ಶತಮಾನದ ರೋಮನ್ ಲೇಖಕ ಪ್ಲೀನಿಯು ಆ ಹೆಸರಿನಿಂದ ವರ್ಣಿಸಿದ್ದು ಸದಾ ಹಸಿರಾಗಿ, ಗುಲಾಬಿಯಂತಹ ಹೂ ಬಿಟ್ಟು, ಪಶುಗಳಿಗೆ ವಿಷವಾದ ಇನ್ನೊಂದು ಪೊದೆಯನ್ನು. ಅದು ಬೇರಾವುದೂ ಅಲ್ಲ, ನಮ್ಮ ಕಣಗಿಲೆ! 1753ರಲ್ಲಿ ಲಿನ್ನೇಯಸ್ಸನು ಸಸ್ಯಗಳಿಗೆ ಶಾಸ್ತ್ರೀಯ ನಾಮಗಳನ್ನು ಕೊಡುವಾಗ ರೋಡೋಡೆಂಡ್ರಾನ್ ಎಂಬ ಹೆಸರನ್ನು ಬೆಟ್ಟದ ಗಿಡಕ್ಕೆ ಕೊಟ್ಟು, ಕಣಗಿಲೆಗೆ ನೀರಿಯಂ ಎಂಬ ಹೆಸರನ್ನು ಉಳಿಸಿದನು. ಹೆಸರು ಹೋದರೇನು? ಭಾಲ್ಕಿ ಔರಾದಗಳ ಸುಣ್ಣದ ಮಣ್ಣಿನಲ್ಲಿ, ಉರಿಬಿಸಿಲಿನಲ್ಲಿ, ಗಡಸು ನೀರು ಕುಡಿದು ಕಣಗಿಲೆಯು ಕೆಂಪಾಗಿ, ಬೆಳ್ಳಗೆ ಅರಳುತ್ತದೆ. ಇದೂ ವಿಷದ ಗಿಡವೇ. ಎಲೆಯನ್ನಾಗಲಿ ಕಡ್ಡಿಯನ್ನಾಗಲಿ ಬಾಯಿಗಿಡಬಾರದು, ಕಡ್ಡಿಯನ್ನು ಒಲೆಗೆ ಹಾಕಬಾರದು.

ಬೀದರದ ಕೆಮ್ಮಣ್ಣಿನ ತೋಟದವರಿಗೆ ಇನ್ನೊಂದು ಗಿಡವುಂಟು. ಕರಾವಳಿ ಮಲೆನಾಡುಗಳಲ್ಲಿ ಕೇಪಳ ಎನ್ನುವ, ನರ್ಸರಿಗಳಲ್ಲಿ ಇಕ್ಸೋರಾ ಎಂದು ಮಾರುವ ಪೊದೆಯು ರೋಡೋಡೆಂಡ್ರಾನಿನಂತೆಯೇ ಹುಳಿಮಣ್ಣನ್ನು ಮೆಚ್ಚುತ್ತದೆ. ಆದರೆ ಬಿಸಿಲಿಗೆ ಹೆದರುವುದಿಲ್ಲ. ಗೊಂಚಲು ಗೊಂಚಲಾಗಿ ಕೆಂಪು ಹೂ ಬಿಡುತ್ತದೆ. ಇದನ್ನು ಎರೆಮಣ್ಣಿನಲ್ಲಿ ನೆಟ್ಟರೆ ಅದೇ ಹಳದಿ ಎಲೆ, ಅದೇ ಹಸಿರು ನರ. ಆದುದರಿಂದ ಮಣ್ಣಿನ ಗುಣವನ್ನು ಸಾರುವ ಜೀವಂತ ಮಾಪಕವೆಂದೇ ಇದನ್ನು ತಿಳಿಯಬಹುದು.

ನೀವೇ ಪರೀಕ್ಷಿಸಿ

ವಿದ್ಯಾರ್ಥಿಗಳು ಈ ಭೇದವನ್ನು ಶಾಲೆಯ ಪ್ರಯೋಗಶಾಲೆಯಲ್ಲಿಯೇ ಕಾಣಬಹುದು. ಬೀದರದ ದಿನ್ನೆಯ ಕೆಮ್ಮಣ್ಣನ್ನೂ ಭಾಲ್ಕಿ ಅಥವಾ ಔರಾದದ ಎರೆಮಣ್ಣನ್ನೂ ಒಂದೊಂದು ಹಿಡಿ ತಂದು ನೆರಳಿನಲ್ಲಿ ಒಣಗಿಸಿ ಪುಡಿಮಾಡಿ. ಹತ್ತು ಗ್ರಾಂ ಮಣ್ಣಿಗೆ 25 ಮಿಲಿಲೀಟರ್ ಬಟ್ಟಿಯಿಳಿಸಿದ ನೀರು ಸೇರಿಸಿ, ಅರ್ಧ ಗಂಟೆ ಆಗಾಗ ಕಲಕಿ, ತಿಳಿಯಾದ ಮೇಲೆ ಪಿಎಚ್ ಕಾಗದವನ್ನು ಅದ್ದಿ ನೋಡಿ. ಕಾಗದ ಸಿಗದಿದ್ದರೆ ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಹಾಕಿದ ರಸವೇ ಸೂಚಕವಾಗುತ್ತದೆ: ಆಮ್ಲದಲ್ಲಿ ಅದು ಕಡುಗೆಂಪು, ಕ್ಷಾರದಲ್ಲಿ ಹಸಿರು. ಅದರ ಬಣ್ಣವನ್ನು ಮೊದಲು ನಿಂಬೆರಸದಲ್ಲಿಯೂ ಅಡಿಗೆ ಸೋಡಾದ ನೀರಿನಲ್ಲಿಯೂ ನೋಡಿ ಗುರುತಿಟ್ಟುಕೊಳ್ಳಬೇಕು. ಎರಡನೆಯ ಪರೀಕ್ಷೆ ಇನ್ನೂ ಸುಲಭ. ಉಪಾಧ್ಯಾಯರ ಸಮ್ಮುಖದಲ್ಲಿ ಎರಡೂ ಮಣ್ಣಿನ ಮೇಲೆ ನೀರು ಬೆರಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಕೆಲವು ಹನಿ ಬಿಡಿ. ಸುಣ್ಣವಿರುವ ಮಣ್ಣು ಚುರ್ರೆಂದು ನೊರೆಯೇಳುತ್ತದೆ. ಹೊರಬರುವುದು ಇಂಗಾಲದ ಡೈಆಕ್ಸೈಡ್. ಸುಣ್ಣವಿಲ್ಲದ ಕೆಮ್ಮಣ್ಣು ಸುಮ್ಮನಿರುತ್ತದೆ.

ಇದು ಹೂದೋಟದ ವಿನೋದವಷ್ಟೇ ಅಲ್ಲ. ಕಡಲೆ, ಸೋಯಾ, ಶೇಂಗಾ, ಕೂಳೆ ಕಬ್ಬು — ಸುಣ್ಣ ಹೆಚ್ಚಿದ ನೆಲದಲ್ಲಿ ಇವೆಲ್ಲಕ್ಕೂ ಇದೇ ಹಳದಿರೋಗ ಬರುವುದುಂಟು. ಎಲೆ ಹಳದಿಯಾದುದನ್ನು ಕಂಡೊಡನೆ ಯೂರಿಯಾ ಚೆಲ್ಲುವುದು ಅನೇಕರ ರೂಢಿ. ಸಾರಜನಕದ ಕೊರತೆಯಾದರೆ ಕೆಳಗಿನ ಹಳೆಯ ಎಲೆಗಳು ಮೊದಲು ಪೂರ್ತಿ ಹಳದಿಯಾಗುತ್ತವೆ; ಗಿಡವು ಹಳೆಯ ಎಲೆಯ ಸಾರಜನಕವನ್ನು ಸೆಳೆದು ಚಿಗುರಿಗೆ ಕೊಡಬಲ್ಲುದು. ಕಬ್ಬಿಣವನ್ನು ಹಾಗೆ ಸಾಗಿಸಲಾರದು. ಆದುದರಿಂದ ಕಬ್ಬಿಣದ ಕೊರತೆಯು ತುದಿಯ ಎಳೆಯ ಎಲೆಯಲ್ಲಿ, ನರಗಳ ನಡುವೆ ಕಾಣಿಸಿಕೊಳ್ಳುತ್ತದೆ. ಈ ಒಂದು ಗುರುತು ತಿಳಿದಿದ್ದರೆ ವ್ಯರ್ಥವಾಗುವ ಯೂರಿಯಾದ ಹಣ ಉಳಿಯುತ್ತದೆ, ಬೆಳೆಯೂ ಉಳಿಯುತ್ತದೆ. ಕಬ್ಬಿಣದ ಕೊರತೆಗೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಎಲೆಯ ಮೇಲೆ ಸಿಂಪಡಿಸುವುದು ವಾಡಿಕೆ. ಅದೇ ಲವಣವನ್ನು ಬರಿದೆ ಸುಣ್ಣದ ಮಣ್ಣಿಗೆ ಸುರಿದರೆ ಅದಕ್ಕೂ ಬೇಗನೆ ಬೀಗ ಬೀಳುತ್ತದೆ. ಕೊಟ್ಟಿಗೆ ಗೊಬ್ಬರದೊಡನೆ ಕಲೆಸಿ ಹಾಕಿದರೆ ಸ್ವಲ್ಪ ಮೇಲು.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ರೈತರಿಗೆ ಕೊಡುವ ಚೀಟಿಯ ಮೇಲೆ ಮಣ್ಣಿನ ಪಿಎಚ್ ಮತ್ತು ಕಬ್ಬಿಣ ಎರಡರ ಅಂಕಿಗಳೂ ಇರುತ್ತವೆ. ಮನೆಯಲ್ಲಿ ಅಂತಹ ಚೀಟಿ ಇದ್ದರೆ ವಿದ್ಯಾರ್ಥಿಗಳು ಅದನ್ನು ತೆಗೆದು ಆ ಎರಡು ಸಾಲುಗಳನ್ನು ಹಿರಿಯರಿಗೆ ಓದಿ ಹೇಳಲಿ. ಅನಂತರ ಹೊಲಕ್ಕೆ ಹೋಗಿ ಯಾವ ಎಲೆ ಮೊದಲು ಹಳದಿಯಾಗಿದೆ, ತುದಿಯದೋ ಬುಡದ್ದೋ ಎಂದು ನೋಡಲಿ.